ಮೂರು ನಕಲು, ಒಂದೇ ತಪ್ಪು: ಮೋಡ ಸಂಗ್ರಹದ ವೈಫಲ್ಯ ವರದಿಗಳ ವಿಮರ್ಶೆ

ಪ್ರಾಜೆಕ್ಟ್ ವರದಿ ಒಪ್ಪಿಸಲು ಎರಡು ವಾರ ಉಳಿದಿರುವಾಗ ನಮ್ಮ ಕಾಲೇಜಿನ ಅಂತಿಮ ಬಿ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ಬಂದು, "ಸರ್, ಫೈಲ್ ಇದೆ, ಒಳಗೆ ಏನೂ ಇಲ್ಲ" ಎಂದಳು. ಮೂರು ತಿಂಗಳಿಂದ ಆಕೆ ತೆರೆದ ಬಾವಿಯೊಂದರ ನೀರಿನ ಉಷ್ಣತೆಯನ್ನು ದಿನಕ್ಕೆ ಎರಡು ಸಲ ಅಳೆದು ಕೋಷ್ಟಕದಲ್ಲಿ ತುಂಬುತ್ತಿದ್ದಳು. ಕೋಷ್ಟಕ ಇದ್ದದ್ದು ಪ್ರಯೋಗಾಲಯದ ಗಣಕದಲ್ಲಿ. ಅದರ ಪ್ರತಿ ತಾನಾಗಿಯೇ ಅಂತರಜಾಲದ ಮೂಲಕ ಬಾಡಿಗೆಯ ಸಂಗ್ರಹವೊಂದಕ್ಕೆ ಹೋಗುತ್ತಿತ್ತು. ಹೋಗುತ್ತಿದೆ ಎಂದು ನಾವು ನಂಬಿದ್ದೆವು. ಹಿಂದಿನ ದಿನ ಆ ಸಂಗ್ರಹಕ್ಕೆ ಸೇರಿದ ತಂತ್ರಾಂಶ ಹೊಸ ಆವೃತ್ತಿಗೆ ಬದಲಾಗಲು ಹೊರಟು ಅರ್ಧದಲ್ಲೇ ನಿಂತಿತ್ತು. ತಿಳಿದವರೊಬ್ಬರು "ತೆಗೆದು ಮತ್ತೆ ಹಾಕಿ, ಸರಿಹೋಗುತ್ತೆ" ಎಂದರು. ತೆಗೆದೆವು, ಹಾಕಿದೆವು, ಹಸಿರು ಗುರುತೂ ಬಂತು. ಕೋಷ್ಟಕ ಮಾತ್ರ ಖಾಲಿ. ಹಿಂದಿನ ಆವೃತ್ತಿಗಳ ಪಟ್ಟಿಯಲ್ಲಿ ತಡಕಾಡಿದಾಗ ಹತ್ತೊಂಬತ್ತು ದಿನ ಹಳೆಯ ಪ್ರತಿಯೊಂದು ಸಿಕ್ಕಿತು. ಆಮೇಲಿನ ಅಳತೆಗಳಲ್ಲಿ ಬಹುಪಾಲು ಆಕೆಯ ರಫ್ ಪುಸ್ತಕದಲ್ಲಿ ಪೆನ್ಸಿಲಿನಲ್ಲಿ ಇದ್ದವು.

ಸಂಗ್ರಹದ ಸೇವೆ ಕೊಡುವವರಿಗೆ ದೂರು ಬರೆದೆವು. ನಾಲ್ಕು ದಿನಗಳ ನಂತರ ಬಂದ ಉತ್ತರ ಒಂದೇ ಸಾಲಿನದು: ನಮ್ಮ ಕಡೆ ಯಾವ ತೊಂದರೆಯೂ ಕಂಡುಬಂದಿಲ್ಲ. ಏನು ಪರೀಕ್ಷಿಸಿದರು, ಯಾವ ಹೊತ್ತಿನ ದಾಖಲೆ ನೋಡಿದರು ಎಂಬುದು ಅದರಲ್ಲಿ ಇರಲಿಲ್ಲ. ಪ್ರಯೋಗಾಲಯದ ದಾಖಲೆ ಪುಸ್ತಕದಲ್ಲಿ ವಿದ್ಯಾರ್ಥಿಯೊಬ್ಬ "ಪ್ರಯೋಗ ಮಾಡಿದೆ, ಸರಿಯಾಗಿತ್ತು" ಎಂದಷ್ಟೇ ಬರೆದರೆ ನಾವು ಸಹಿ ಹಾಕುತ್ತೇವೆಯೇ?

ಆ ಉತ್ತರದ ಸಿಟ್ಟಿನಲ್ಲಿಯೇ ನಾನು ಇಂಥ ಸಂಗ್ರಹಗಳನ್ನು ನಡೆಸುವ ದೊಡ್ಡ ಸಂಸ್ಥೆಗಳು ಸಾರ್ವಜನಿಕವಾಗಿ ಪ್ರಕಟಿಸಿರುವ ವೈಫಲ್ಯ ವರದಿಗಳನ್ನು ಓದಲು ತೊಡಗಿದ್ದು. ಈ ವರದಿಗಳಿಗೆ ಅವರ ವಲಯದಲ್ಲಿ ವೈದ್ಯರಿಂದ ಕಡ ತಂದ ಹೆಸರೊಂದಿದೆ: ಪೋಸ್ಟ್‌ಮಾರ್ಟಮ್. ಸತ್ತದ್ದು ಏಕೆ ಸತ್ತಿತು ಎಂದು ಕೊಯ್ದು ನೋಡಿ ಬರೆಯುವುದು. ಇವೂ ಒಂದು ಬಗೆಯ ವೈಜ್ಞಾನಿಕ ಬರಹಗಳೇ. ಒಂದು ವಿದ್ಯಮಾನ ಘಟಿಸಿದೆ, ಅದಕ್ಕೆ ಕಾರಣ ಹೇಳಬೇಕು, ಹೇಳಿದ ಕಾರಣ ಕಂಡದ್ದನ್ನೆಲ್ಲ ವಿವರಿಸಬೇಕು. ಆದ್ದರಿಂದ ಅವನ್ನು ವಿಜ್ಞಾನದ ಬರಹಗಳನ್ನು ಓದುವಂತೆಯೇ ಓದಿ, ಒಳ್ಳೆಯದು ಕೆಟ್ಟದ್ದು ಹೇಳಲು ನಮಗೆ ಅಧಿಕಾರವಿದೆ.

ಮೊದಲು ಹೆಸರಿನ ಬಗ್ಗೆ ಒಂದು ಮಾತು. 'ಕ್ಲೌಡ್' ಎಂಬುದನ್ನು ನಾವು 'ಮೋಡ' ಎಂದು ಅನುವಾದಿಸಿಕೊಂಡೆವು. ಪದ ಚೆನ್ನಾಗಿದೆ, ಚಿತ್ರ ತಪ್ಪು. ಮೋಡ ಎಂದಾಗ ಎಲ್ಲೋ ಮೇಲೆ ತೇಲುವ, ಯಾರದ್ದೂ ಅಲ್ಲದ, ತಾನಾಗಿ ಇರುವ ವಸ್ತುವೊಂದು ಕಣ್ಣಿಗೆ ಬರುತ್ತದೆ. ನಿಜದಲ್ಲಿ ಅದು ನೆಲದ ಮೇಲಿನ ಕಟ್ಟಡ. ಅದರೊಳಗೆ ಬೀರುಗಳಂತೆ ಸಾಲಾಗಿ ನಿಂತ ಸರ್ವರ್‌ಗಳು, ತಟ್ಟೆಗಳು, ತಂಪು ಮಾಡುವ ಯಂತ್ರಗಳು. ಅವುಗಳ ಮೇಲೆ ಓಡುವ ತಂತ್ರಾಂಶ. ಆ ತಂತ್ರಾಂಶವನ್ನು ದಿನವೂ ತಿದ್ದುತ್ತಿರುವ ಮನುಷ್ಯರು. ಈ ಲೇಖನಕ್ಕೆ ಮುಖ್ಯವಾದವರು ಆ ಕೊನೆಯವರು.

ಸಂಗ್ರಹ ಸೇವೆಗಳ ಜಾಹೀರಾತಿನಲ್ಲಿ ಒಂದು ಸಂಖ್ಯೆ ಕಾಣುತ್ತದೆ. ಅಮೆಜಾನ್ ಕಂಪನಿಯ ಎಸ್3 ಎಂಬ ಸಂಗ್ರಹವನ್ನು ವರ್ಷವೊಂದಕ್ಕೆ ಶೇಕಡಾ 99.999999999ರಷ್ಟು ಬಾಳಿಕೆಗೆ ವಿನ್ಯಾಸಗೊಳಿಸಲಾಗಿದೆ ಎಂದು ಕಂಪನಿ ಹೇಳುತ್ತದೆ. ಒಟ್ಟು ಹನ್ನೊಂದು ಒಂಬತ್ತುಗಳು. ಲೆಕ್ಕ ಹಾಕಿದರೆ, 1 ಕೋಟಿ ಕಡತಗಳನ್ನು ಇಟ್ಟವರು ಸರಾಸರಿ 10,000 ವರ್ಷಕ್ಕೆ ಒಂದು ಕಡತವನ್ನು ಕಳೆದುಕೊಳ್ಳಬಹುದು. ಇದನ್ನು ಓದಿದ ಯಾವ ಮೇಷ್ಟ್ರಾದರೂ ಪೆನ್ ಡ್ರೈವನ್ನು ಮೇಜಿನ ಡ್ರಾಯರಿಗೆ ಎಸೆದು ನೆಮ್ಮದಿಯಾಗಿ ಮಲಗಿಯಾರು.

ಇಷ್ಟು ದೊಡ್ಡ ಸಂಖ್ಯೆ ಎಲ್ಲಿಂದ ಬರುತ್ತದೆ? ತತ್ತ್ವ ಸರಳ. ಒಂದು ತಟ್ಟೆ ವರ್ಷದಲ್ಲಿ ಕೆಡುವ ಸಂಭವ 1000ಕ್ಕೆ 1 ಎಂದು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಳ್ಳೋಣ. ಒಂದೇ ಕಡತವನ್ನು ಮೂರು ತಟ್ಟೆಗಳಲ್ಲಿ ಇಟ್ಟರೆ ಮೂರೂ ಕೆಡುವ ಸಂಭವ 1000ವನ್ನು ಮೂರು ಸಲ ಗುಣಿಸಿದಾಗ ಬರುವ 100 ಕೋಟಿಗೆ 1. ದ್ವಿತೀಯ ಪಿಯುಸಿಯಲ್ಲಿ ಸಂಭವನೀಯತೆ ಕಲಿಸುವ ಎಲ್ಲರಿಗೂ ಈ ಗುಣಾಕಾರದ ಷರತ್ತು ಗೊತ್ತು: ಘಟನೆಗಳು ಪರಸ್ಪರ ಸ್ವತಂತ್ರವಾಗಿರಬೇಕು. ಒಂದು ತಟ್ಟೆಯ ಬೇರಿಂಗ್ ಸವೆಯುವುದಕ್ಕೂ ಇನ್ನೊಂದು ಊರಿನ ತಟ್ಟೆಯ ಬೇರಿಂಗ್ ಸವೆಯುವುದಕ್ಕೂ ಸಂಬಂಧವಿಲ್ಲ. ಆದರೆ ಮೂರೂ ತಟ್ಟೆಗಳನ್ನು ಆಳುವ ತಂತ್ರಾಂಶ ಒಂದೇ. ಅದಕ್ಕೆ ಬಂದ ಹೊಸ ಆವೃತ್ತಿ "ಈ ಕಡತವನ್ನು ಅಳಿಸು" ಎಂದು ತಪ್ಪಾಗಿ ಹೇಳಿದರೆ ಮೂರೂ ತಟ್ಟೆಗಳು ಆರೋಗ್ಯವಾಗಿ, ವಿಧೇಯವಾಗಿ ಅಳಿಸುತ್ತವೆ. ಅಂಥ ಆವೃತ್ತಿ ಬರುವ ಸಂಭವ 10,000ಕ್ಕೆ 1 ಇದ್ದರೂ ಸಾಕು, ನಮ್ಮ ಒಟ್ಟು ಅಪಾಯ ಅಲ್ಲಿಗೇ ಬಂದು ನಿಲ್ಲುತ್ತದೆ. ನಾಲ್ಕನೆಯ, ಐದನೆಯ ನಕಲು ಇಟ್ಟರೂ ಅದು ಇಳಿಯದು. ಜಾಹೀರಾತಿನ ಸಂಖ್ಯೆ ಸುಳ್ಳಲ್ಲ. ಅದು ಬೇರೆ ಪ್ರಶ್ನೆಯ ಉತ್ತರ.

ಇದು ಊಹೆಯ ಅಪಾಯವಲ್ಲ ಎಂಬುದಕ್ಕೆ ಮೊದಲ ಸಾಕ್ಷಿ ಜಿಮೇಲ್. 2011ರ ಫೆಬ್ರವರಿ 27ರ ಭಾನುವಾರ ಕೆಲವರು ತಮ್ಮ ಅಂಚೆಪೆಟ್ಟಿಗೆ ತೆರೆದಾಗ ಅದು ಪೂರ್ತಿ ಖಾಲಿಯಾಗಿತ್ತು. ವರ್ಷಗಳ ಪತ್ರಗಳು ಇಲ್ಲ. ಮರುದಿನ ಗೂಗಲ್‌ನ ಬೆನ್ ಟ್ರೇನರ್ ಚಿಕ್ಕದೊಂದು ವಿವರಣೆ ಪ್ರಕಟಿಸಿದರು. ಸಂಗ್ರಹದ ತಂತ್ರಾಂಶಕ್ಕೆ ಹೊಸ ಆವೃತ್ತಿ ಬಿಡುಗಡೆ ಮಾಡಿದಾಗ ಅದರಲ್ಲೊಂದು ದೋಷ ಸೇರಿಕೊಂಡಿತ್ತು. ಬೇರೆ ಬೇರೆ ದತ್ತ ಕೇಂದ್ರಗಳಲ್ಲಿ ಹಲವು ಪ್ರತಿಗಳಿದ್ದರೂ ದೋಷ ಹಲವು ಪ್ರತಿಗಳಿಗೆ ತಟ್ಟಿತು. ಕಂಡ ಕೂಡಲೇ ಹೊಸ ಆವೃತ್ತಿಯನ್ನು ನಿಲ್ಲಿಸಿ ಹಳೆಯದಕ್ಕೆ ಮರಳಿದೆವು. ಪತ್ರಗಳನ್ನು ಕಾಂತೀಯ ಟೇಪುಗಳಿಂದ ಮರಳಿ ತರುತ್ತಿದ್ದೇವೆ. ಟೇಪು! ಕ್ಯಾಸೆಟ್ ಕಾಲದ ವಸ್ತು ಗೂಗಲ್‌ನಲ್ಲಿ ಏಕೆ ಎಂದು ಆಗ ನಕ್ಕವರಿದ್ದರು. ಉತ್ತರ ಅದೇ ಬರಹದಲ್ಲಿತ್ತು. ಟೇಪುಗಳು ಜಾಲದಿಂದ ಹೊರಗಿರುತ್ತವೆ, ಆದ್ದರಿಂದ ಇಂಥ ದೋಷದ ಕೈಗೆ ಸಿಗುವುದಿಲ್ಲ. ಮರಳಿ ತರಲು ಗಂಟೆಗಟ್ಟಲೆ ಬೇಕಾದದ್ದೂ ಅದಕ್ಕೇ. ನಮ್ಮ ವಿದ್ಯಾರ್ಥಿನಿಯ ರಫ್ ಪುಸ್ತಕ ಮಾಡಿದ ಕೆಲಸವನ್ನೇ ಅಲ್ಲಿ ಟೇಪು ಮಾಡಿತು.

ಈ ವಿವರಣೆಯ ಗುಣ ಅದರ ಶೀಘ್ರತೆ ಮತ್ತು ಆ ಟೇಪಿನ ಸಾಲು. ಕೊರತೆಗಳು ಎರಡು. ಒಂದು, ದೋಷ ಯಾವುದು ಎಂದು ಅದು ಹೇಳುವುದಿಲ್ಲ. 'ಅನಿರೀಕ್ಷಿತ ದೋಷ' ಎನ್ನುತ್ತದೆ. ನಿರೀಕ್ಷಿಸಿದ ದೋಷವನ್ನು ಯಾರು ಬಿಡುಗಡೆ ಮಾಡುತ್ತಾರೆ? ಎರಡು, ತೊಂದರೆ ತಟ್ಟಿದ್ದು ಬಳಕೆದಾರರ ಶೇಕಡಾ 0.02ರಷ್ಟು ಮಂದಿಗೆ ಎನ್ನುತ್ತದೆ, ಒಟ್ಟು ಬಳಕೆದಾರರು ಎಷ್ಟು ಎನ್ನುವುದಿಲ್ಲ. ಛೇದ ಕೊಡದ ಶೇಕಡಾವಾರು ಪುಟ್ಟದಾಗಿ ಕಾಣುತ್ತದೆ. ಬಳಕೆದಾರರು 10 ಕೋಟಿ ಇದ್ದರೆ ಈ 0.02 ಎಂದರೆ 20,000 ಜನ. ತರಗತಿಯಲ್ಲಿ ಉದಾಹರಣೆಯಾಗಿ ಕೊಡಬಹುದಾದ ಸಾಲು ಇದು.

ಮೂರು ವರ್ಷಗಳ ನಂತರ ಮೈಕ್ರೋಸಾಫ್ಟ್‌ನ ಸರದಿ. 2014ರ ನವೆಂಬರ್‌ನಲ್ಲಿ, ನಮ್ಮ ಸಮಯದಂತೆ 19ರ ಬೆಳಗಿನ ಹೊತ್ತು, ಅದರ ಅಜೂರ್ ಸಂಗ್ರಹ ಜಗತ್ತಿನ ಹಲವು ವಲಯಗಳಲ್ಲಿ ಒಟ್ಟಿಗೇ ನಿಂತುಹೋಯಿತು. ಆ ಸಂಗ್ರಹದ ಮೇಲೆ ಕಟ್ಟಿದ ಜಾಲತಾಣಗಳೂ, ಅದರಲ್ಲಿ ತಮ್ಮ ತಟ್ಟೆಯನ್ನು ಇಟ್ಟುಕೊಂಡಿದ್ದ ವರ್ಚುವಲ್ ಗಣಕಗಳೂ ಜೊತೆಗೇ ಬಿದ್ದವು. ಜೇಸನ್ ಜ್ಯಾಂಡರ್ ಹೆಸರಿನಲ್ಲಿ ಮೊದಲು ಚಿಕ್ಕ ಟಿಪ್ಪಣಿ, ಮುಂದಿನ ತಿಂಗಳು ಪೂರ್ಣ ವರದಿ ಬಂದವು. ಇದು ನಾನು ಓದಿದ ಒಳ್ಳೆಯ ವರದಿಗಳಲ್ಲಿ ಒಂದು. ಏಕೆಂದರೆ ಇದರಲ್ಲಿ ದೋಷದ ಕಥೆ ಇದೆ, ದೋಷ ಎಲ್ಲ ಕಡೆ ಹರಡಿದ್ದರ ಕಥೆ ಬೇರೆಯಾಗಿ ಇದೆ.

ಅಜೂರ್‌ನಲ್ಲಿ ಕೋಷ್ಟಕ ರೂಪದ ಮಾಹಿತಿಗೆ ಒಂದು ಸಂಗ್ರಹ, ಚಿತ್ರ ವಿಡಿಯೊ ಮುಂತಾದ ದೊಡ್ಡ ಕಡತಗಳಿಗೆ 'ಬ್ಲಾಬ್' ಎಂಬ ಇನ್ನೊಂದು ಸಂಗ್ರಹ. ಕೋಷ್ಟಕ ಸಂಗ್ರಹದ ವೇಗ ಹೆಚ್ಚಿಸಲು ಒಂದು ಬದಲಾವಣೆ ಮಾಡಿದರು. ನಿಯಮದಂತೆ ಅದನ್ನು ಮೊದಲು ಸಣ್ಣ ಭಾಗದಲ್ಲಿ ಕೆಲವು ವಾರ ಓಡಿಸಿ ನೋಡಿದರು. ಸರಿಯಾಗಿತ್ತು. ಆಮೇಲೆ ಎಲ್ಲ ಕಡೆ ಹಾಕುವಾಗ ಎರಡು ತಪ್ಪು ಒಟ್ಟಿಗೆ ಆದವು. ಹಂತ ಹಂತವಾಗಿ, ಒಂದು ತುಣುಕಿನ ನಂತರ ಇನ್ನೊಂದು ತುಣುಕಿಗೆ ಹಾಕಬೇಕೆಂಬ ನಿಯಮ ಇತ್ತು. ವಾರಗಳಿಂದ ಓಡಿದೆ, ಅಪಾಯ ಕಡಿಮೆ ಎಂದು ಎಂಜಿನಿಯರ್ ಹೆಚ್ಚಿನ ವಲಯಗಳಿಗೆ ಅಲ್ಪ ಕಾಲದಲ್ಲೇ ಹಾಕಿಬಿಟ್ಟರು. ಅದಲ್ಲದೆ, ಕೋಷ್ಟಕ ಸಂಗ್ರಹದಲ್ಲಿ ಪರೀಕ್ಷಿಸಿದ ಬದಲಾವಣೆಯ ಸ್ವಿಚ್ಚು ಬ್ಲಾಬ್ ಸಂಗ್ರಹದಲ್ಲೂ ಚಾಲೂ ಆಯಿತು. ಬ್ಲಾಬ್‌ನಲ್ಲಿ ಅದನ್ನು ಯಾರೂ ಪರೀಕ್ಷಿಸಿರಲಿಲ್ಲ. ಅಲ್ಲಿ ಅಡಗಿದ್ದ ದೋಷವೊಂದು ಎಚ್ಚರಗೊಂಡು, ಕೋರಿಕೆಗಳನ್ನು ಮೊದಲು ಸ್ವೀಕರಿಸುವ ಸರ್ವರ್‌ಗಳು ಮುಗಿಯದ ಲೂಪಿಗೆ ಬಿದ್ದವು.

ವಿಜ್ಞಾನದ ಅಧ್ಯಾಪಕರಿಗೆ ಇದು ತೀರಾ ಪರಿಚಿತ. ಇಲಿಗಳ ಮೇಲೆ ನೋಡಿದ ಔಷಧಿಯನ್ನು, ಇಲಿಗಳಿಗೆ ಏನೂ ಆಗಲಿಲ್ಲವೆಂದು, ಹಸುಗಳಿಗೆ ಅದೂ ಇಡೀ ಕೊಟ್ಟಿಗೆಗೆ ಒಂದೇ ಸಂಜೆ ಕುಡಿಸಿದ ಹಾಗೆ. ಹಂತ ಹಂತವಾಗಿ ಹಾಕುವುದು ಆಡಳಿತದ ಶಿಸ್ತಿನ ಮಾತಲ್ಲ, ಅದು ಪ್ರಯೋಗದ ವಿನ್ಯಾಸ. ಬದಲಾವಣೆ ತಟ್ಟದ ಭಾಗ ಉಳಿದಿದ್ದರೆ ಮಾತ್ರ ಹೋಲಿಸಲು ನಿಯಂತ್ರಣ ಗುಂಪು ಇರುತ್ತದೆ, ಮರಳಲು ಜಾಗವೂ ಇರುತ್ತದೆ.

ವರದಿಯ ಇನ್ನೊಂದು ವಿವರ, ಅಪ್‌ಡೇಟ್ ಕೆಟ್ಟಾಗ ಕಾರಣ ಹುಡುಕುವವರೆಲ್ಲ ನೆನಪಿಡಬೇಕಾದದ್ದು. ತಪ್ಪು ತಿಳಿದ ಕೂಡಲೇ ಬದಲಾವಣೆಯನ್ನು ಹಿಂದಕ್ಕೆ ತೆಗೆದುಕೊಂಡರು. ಆದರೂ ಸಂಗ್ರಹ ಏಳಲಿಲ್ಲ. ಲೂಪಿನಲ್ಲಿ ಸುತ್ತುತ್ತಿರುವ ಸರ್ವರ್‌ಗೆ "ಹಳೆಯ ಸ್ಥಿತಿಗೆ ಹೋಗು" ಎಂಬ ಸಂದೇಶವನ್ನು ಓದಲೂ ಬಿಡುವಿಲ್ಲ! ಅವನ್ನು ಆರಿಸಿ ಹೊತ್ತಿಸಬೇಕಾಯಿತು, ಅದಕ್ಕೆ ಗಂಟೆಗಳು ಹಿಡಿದವು. ಹಿಂದಿರುಗುವ ದಾರಿ ಇದೆ ಎಂಬುದಕ್ಕೂ, ಕೆಟ್ಟ ಸ್ಥಿತಿಯಿಂದಲೂ ಆ ದಾರಿ ಹಿಡಿಯಲು ಸಾಧ್ಯ ಎಂಬುದಕ್ಕೂ ಅಂತರವಿದೆ.

'ಮನುಷ್ಯ ತಪ್ಪು' ಎಂದು ಬರೆದು ಕೈತೊಳೆದುಕೊಳ್ಳುವುದು ಇಂಥ ವರದಿಗಳ ಹಳೆಯ ಚಾಳಿ. ಜ್ಯಾಂಡರ್ ಅವರ ವರದಿ ಹಾಗೆ ಮಾಡದೆ, ನಿಯಮವನ್ನು ಮುರಿಯಲು ಉಪಕರಣವೇ ಅವಕಾಶ ಕೊಟ್ಟಿತು, ಇನ್ನು ಉಪಕರಣವೇ ತಡೆಯುವಂತೆ ತಿದ್ದಿದ್ದೇವೆ ಎನ್ನುತ್ತದೆ. ಇದೇ ವರ್ಷದ ಜನವರಿ 10ರಂದು ಡ್ರಾಪ್‌ಬಾಕ್ಸ್ ಕೂಡ ಬಿದ್ದಿತ್ತು. ಕೆಲಸವಿಲ್ಲದ ಗಣಕಗಳಿಗೆ ಹೊಸ ಕಾರ್ಯಾಚರಣ ವ್ಯವಸ್ಥೆ ಹಾಕಬೇಕಿದ್ದ ಸ್ಕ್ರಿಪ್ಟ್, ಸೂಕ್ಷ್ಮ ದೋಷದಿಂದಾಗಿ ಕೆಲಸದಲ್ಲಿದ್ದ ಕೆಲವಕ್ಕೂ ಹಾಕಿಬಿಟ್ಟಿತು. ಬಳಕೆದಾರರ ಕಡತಗಳಿಗೆ ಅಪಾಯವಾಗಲಿಲ್ಲ. ಅವರು ಆಮೇಲೆ ಮಾಡಿದ ತಿದ್ದುಪಡಿಯೂ ಇದೇ ಜಾತಿಯದು: ಆದೇಶ ಬಂದಾಗ ಗಣಕ ತಾನು ನಿಜಕ್ಕೂ ಖಾಲಿ ಇದ್ದೇನೆಯೇ ಎಂದು ಸ್ವತಃ ನೋಡಿಕೊಂಡ ಮೇಲೆಯೇ ಪಾಲಿಸಬೇಕು.

ನಮ್ಮ ಓದುಗರಿಗೆ ಎಲ್ಲಕ್ಕಿಂತ ಹತ್ತಿರದ ಪ್ರಕರಣ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ್ದು. ಅಲ್ಲಿ ಕಳೆದದ್ದು ಸಂಶೋಧಕರ ದತ್ತಾಂಶ. ಇದು ವ್ಯಾಪಾರದ ಮೋಡವಲ್ಲ, ವಿಶ್ವವಿದ್ಯಾಲಯದ ಸೂಪರ್ ಕಂಪ್ಯೂಟರಿನ ಸಂಗ್ರಹ. ಆದರೆ ಬಳಸುವವರ ದೃಷ್ಟಿಯಿಂದ ವ್ಯತ್ಯಾಸವಿಲ್ಲ: ಇಡುವವರು ಸಂಶೋಧಕರು, ಕಾಯುವವರು ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ಕಂಪನಿಯ ಜಪಾನ್ ಶಾಖೆಯವರು. 2021ರ ಡಿಸೆಂಬರ್ 14ರಿಂದ 16ರ ನಡುವೆ ಅಲ್ಲಿ 77 ಟೆರಾಬೈಟ್, ಅಂದರೆ ಸುಮಾರು 3.4 ಕೋಟಿ ಕಡತಗಳು ಅಳಿಸಿಹೋದವು. ಹದಿನಾಲ್ಕು ಸಂಶೋಧನಾ ಗುಂಪುಗಳಿಗೆ ಹೊಡೆತ ಬಿತ್ತು; ನಾಲ್ಕು ಗುಂಪುಗಳ ಕಡತಗಳನ್ನು ಬ್ಯಾಕಪ್‌ನಿಂದ ಮರಳಿ ತರಲು ಆಗಲಿಲ್ಲ.

ಅಳಿಸಿದ್ದು ಯಾರು? ಬ್ಯಾಕಪ್ ಮಾಡುವ ಸ್ಕ್ರಿಪ್ಟೇ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದು.

ನಡೆದದ್ದು ಹೀಗೆ. ಬ್ಯಾಕಪ್ ಸ್ಕ್ರಿಪ್ಟ್ ತನ್ನ ದಿನಚರಿ ಕಡತಗಳನ್ನು ಒಂದು ಫೋಲ್ಡರಿನಲ್ಲಿ ಬರೆಯುತ್ತಿತ್ತು. ಹತ್ತು ದಿನಕ್ಕಿಂತ ಹಳೆಯವನ್ನು ಹುಡುಕಿ ಅಳಿಸುವ ಒಂದು ಸಾಲು ಅದರಲ್ಲಿತ್ತು. ಕಂಪನಿಯವರು ಸ್ಕ್ರಿಪ್ಟನ್ನು ಸುಧಾರಿಸಿದರು. ಓದಲು ಸುಲಭವಾಗಲೆಂದು ಚರಾಕ್ಷರಗಳ ಹೆಸರುಗಳನ್ನೂ ಬದಲಿಸಿದರು. ಹೊಸ ಸ್ಕ್ರಿಪ್ಟಿನಲ್ಲಿ ತಪ್ಪೇನೂ ಇರಲಿಲ್ಲ. ಹಳೆಯದರಲ್ಲೂ ಇರಲಿಲ್ಲ. ಆದರೆ ಹಳೆಯದು ಓಡುತ್ತಿರುವಾಗಲೇ ಅದರ ಮೇಲೆ ಹೊಸದನ್ನು ಬರೆದರು.

ಲಿನಕ್ಸ್ ಬಳಸುವವರಿಗೆ ಬ್ಯಾಶ್ ಗೊತ್ತು: ಆದೇಶಗಳನ್ನು ಸಾಲು ಸಾಲಾಗಿ ಪಾಲಿಸುವ ತಂತ್ರಾಂಶ. ಅದು ಸ್ಕ್ರಿಪ್ಟನ್ನು ಪೂರ್ತಿ ಓದಿ ತಲೆಯಲ್ಲಿಟ್ಟುಕೊಂಡು ಹೊರಡುವುದಿಲ್ಲ. ಸ್ವಲ್ಪ ಓದುತ್ತದೆ, ಪಾಲಿಸುತ್ತದೆ, ಎಷ್ಟನೆಯ ಅಕ್ಷರದವರೆಗೆ ಓದಿದೆ ಎಂದು ಬೆರಳಿಟ್ಟುಕೊಂಡು ಮತ್ತೆ ಅಲ್ಲಿಂದ ಓದುತ್ತದೆ. ನಡುವೆ ಕಡತ ಬದಲಾದರೆ ಬೆರಳು ಅದೇ ಜಾಗದಲ್ಲಿರುತ್ತದೆ, ಪಾಠ ಬೇರೆಯಾಗಿರುತ್ತದೆ. ನೋಟ್ಸ್ ಬರೆಸುತ್ತಿರುವ ಮೇಷ್ಟ್ರ ಪುಸ್ತಕವನ್ನು ಯಾರೋ ಹತ್ತನೆಯ ಸಾಲಿನಲ್ಲಿ ಬದಲಿಸಿದಂತೆ ಕಲ್ಪಿಸಿಕೊಳ್ಳಿ. ಹಳೆಯ ಪುಸ್ತಕದ ಎರಡನೆಯ ಸಾಲಿನಲ್ಲಿ "ಕಸದ ಕೋಣೆಯನ್ನು ಕ ಎನ್ನೋಣ" ಎಂದಿತ್ತು. ಹೊಸ ಪುಸ್ತಕದ ಎರಡನೆಯ ಸಾಲಿನಲ್ಲಿ ಅದನ್ನೇ "ಖ ಎನ್ನೋಣ" ಎಂದಿದೆ. ಮೇಷ್ಟ್ರು ಹೊಸ ಪುಸ್ತಕದ ಹನ್ನೊಂದನೆಯ ಸಾಲಿನಿಂದ ಓದುತ್ತಾರೆ: "ಮಹಡಿಯಲ್ಲಿರುವ ಖದೊಳಗಿನ ಹಳೆಯದನ್ನೆಲ್ಲ ಸುಡಿರಿ." ಖ ಎಂದರೆ ಏನು ಎಂದು ಯಾರೂ ಬರೆದುಕೊಂಡಿಲ್ಲ. ಮನುಷ್ಯರಾದರೆ ಕೈ ಎತ್ತಿ ಕೇಳುತ್ತಿದ್ದರು. ಬ್ಯಾಶ್ ಕೇಳುವುದಿಲ್ಲ. ವ್ಯಾಖ್ಯಾನಿಸದ ಚರಾಕ್ಷರವನ್ನು ಅದು ಖಾಲಿ ಎಂದು ತಿಳಿಯುತ್ತದೆ. ಉಳಿದ ಆದೇಶ: "ಮಹಡಿಯಲ್ಲಿರುವ ಹಳೆಯದನ್ನೆಲ್ಲ ಸುಡಿರಿ." ಅಲ್ಲಿನ ಮಹಡಿಯ ಹೆಸರು ಲಾರ್ಜ್ ಜೀರೊ, ಸಂಶೋಧಕರ ಕಡತಗಳಿದ್ದ ದೊಡ್ಡ ಸಂಗ್ರಹ.

ಹತ್ತು ದಿನಗಳ ಷರತ್ತು ಮಾತ್ರ ಉಳಿದುಕೊಂಡಿತು. ಅದರ ಪರಿಣಾಮ ವಿಚಿತ್ರ. ಡಿಸೆಂಬರ್ 3ರ ಸಂಜೆಯ ನಂತರ ಯಾರೂ ಮುಟ್ಟದ ಕಡತಗಳಿಗೆ ಗಂಡಾಂತರ, ಆಮೇಲೆ ತಿದ್ದಿದವು ಸುರಕ್ಷಿತ. ಸಂಶೋಧನೆಯಲ್ಲಿ ಹತ್ತು ದಿನದಿಂದ ಮುಟ್ಟದ ಕಡತ ಎಂದರೆ ಬಹಳ ಸಲ ಕೆಲಸ ಮುಗಿದ, ಲೆಕ್ಕ ಪೂರ್ಣವಾದ, ಇನ್ನು ಬದಲಾಗಬೇಕಿಲ್ಲದ ಫಲಿತಾಂಶ. ಕಾರಣ ಹುಡುಕುವವರಿಗೆ ಇದೊಂದು ಒಳ್ಳೆಯ ಸುಳಿವು ಕೂಡ: ನಷ್ಟದ ಅಂಚು ಒಂದು ದಿನಾಂಕಕ್ಕೆ ನಿಖರವಾಗಿ ಹೊಂದಿದರೆ ತಟ್ಟೆ ಕೆಟ್ಟಿಲ್ಲ, ಯಾವುದೋ ಆದೇಶ ಓಡಿದೆ. ತಟ್ಟೆಗೆ ಪಂಚಾಂಗ ಗೊತ್ತಿಲ್ಲ.

ಇದನ್ನು ತರಗತಿಯಲ್ಲಿ ತೋರಿಸಬಹುದು. ಲಿನಕ್ಸ್ ಗಣಕದ ಖಾಲಿ ಫೋಲ್ಡರೊಂದರಲ್ಲಿ, ಪರದೆಯ ಮೇಲೆ ಸಾಲು ಮುದ್ರಿಸುವ ಎಕೋ ಆದೇಶಗಳಷ್ಟೇ ಇರುವ ಸ್ಕ್ರಿಪ್ಟ್ ಬರೆಯಿರಿ; ನಡುವೆ ಮೂವತ್ತು ಸೆಕೆಂಡು ಸುಮ್ಮನಿರುವ ಸ್ಲೀಪ್ ಆದೇಶ ಇರಲಿ. ಅಳಿಸುವ ಆದೇಶ ಖಂಡಿತ ಬೇಡ. ಸ್ಕ್ರಿಪ್ಟ್ ಮಲಗಿರುವಾಗ ಇನ್ನೊಂದು ಕಿಟಕಿಯಿಂದ ಸಿಪಿ ಆದೇಶ ಬಳಸಿ ಬೇರೆ ಸಾಲುಗಳಿರುವ ಕಡತವನ್ನು ಅದರ ಮೇಲೆ ನಕಲು ಮಾಡಿ. ಎದ್ದ ಮೇಲೆ ಅದು ಹೊಸ ಪಾಠವನ್ನು ನಡುವಿನಿಂದ ಓದುವುದು ಕಾಣುತ್ತದೆ. ಅದನ್ನೇ ಸಿಪಿ ಬದಲು ಎಂವಿ ಆದೇಶದಿಂದ ಮಾಡಿ ನೋಡಿ. ಈಗ ಹಳೆಯ ಪಾಠವೇ ಕೊನೆಯವರೆಗೆ ಓಡುತ್ತದೆ. ಎಂವಿ ಹಳೆಯ ಕಡತದ ಮೇಲೆ ಬರೆಯುವುದಿಲ್ಲ. ಹೆಸರನ್ನು ಹೊಸ ಕಡತಕ್ಕೆ ಅಂಟಿಸುತ್ತದೆ. ಓಡುತ್ತಿರುವ ಬ್ಯಾಶ್‌ನ ಕೈಯಲ್ಲಿ ಹಳೆಯದು ಹಾಗೆಯೇ ಉಳಿಯುತ್ತದೆ. ವ್ಯಾಖ್ಯಾನಿಸದ ಚರಾಕ್ಷರ ಕಂಡರೆ ನಿಲ್ಲು ಎಂದು ಬ್ಯಾಶ್‌ಗೆ ಮೊದಲೇ ಹೇಳಿಡುವ ಆಯ್ಕೆಯೂ ಇದೆ. 77 ಟೆರಾಬೈಟ್ ಉಳಿಸಲು ಇವೆರಡರಲ್ಲಿ ಒಂದು ಸಾಕಿತ್ತು.

ಕಂಪನಿ ತನ್ನ ವಿವರಣೆಯಲ್ಲಿ ತಪ್ಪು ಸಂಪೂರ್ಣ ತನ್ನದೇ ಎಂದು ಒಪ್ಪಿಕೊಂಡಿತು. ವಿಶ್ವವಿದ್ಯಾಲಯ ಬ್ಯಾಕಪನ್ನು ಕೆಲಕಾಲ ನಿಲ್ಲಿಸಿತು. ಇದ್ದದ್ದನ್ನು ಇದ್ದಂತೆ ಪ್ರತಿಬಿಂಬಿಸುವ ನಕಲಿನ ಜೊತೆಗೆ ಹಿಂದಿನ ದಿನಗಳ ಸ್ಥಿತಿಯನ್ನೂ ಉಳಿಸುವ ಬ್ಯಾಕಪ್ ಇಡುವುದಾಗಿ ಹೇಳಿತು. ಬಳಸುವವರೂ ಮುಖ್ಯ ಕಡತಗಳನ್ನು ಬೇರೆಡೆ ಇಟ್ಟುಕೊಳ್ಳಬೇಕೆಂದು ಕೋರಿತು. ಕಾರ್ಯವಿಧಾನವನ್ನು ಇಷ್ಟು ಸ್ಪಷ್ಟವಾಗಿ, ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದ ವರದಿ ನಾನು ಬೇರೆ ಕಂಡಿಲ್ಲ. ನನ್ನ ತಕರಾರು ಅಳತೆಯ ಬಗ್ಗೆ. 77 ಟೆರಾಬೈಟ್ ಎಂಬುದು ತಟ್ಟೆಯ ಅಳತೆ, ನಷ್ಟದ ಅಳತೆಯಲ್ಲ. ಮತ್ತೆ ಗಣಿಸಿ ಪಡೆಯಬಹುದಾದ ಟೆರಾಬೈಟ್ ಒಂದು, ಮತ್ತೆ ಅಳೆಯಲಾಗದ ಕಿಲೊಬೈಟ್ ಇನ್ನೊಂದು. ಬಾವಿಯ ನೀರಿನ ಕಳೆದ ಮಂಗಳವಾರದ ಉಷ್ಣತೆಯನ್ನು ಈ ಮಂಗಳವಾರ ಅಳೆಯಲು ಬರುವುದಿಲ್ಲ. ವೈಫಲ್ಯ ವರದಿಗಳು ಎಷ್ಟು ಕಡತ, ಎಷ್ಟು ಗಂಟೆ ಎಂದು ಎಣಿಸುತ್ತವೆ. ಯಾರ ಯಾವ ಕೆಲಸ ನಿಂತಿತು ಎಂಬ ಅಂಕಣ ಅವುಗಳಲ್ಲಿ ಇರುವುದಿಲ್ಲ.

ಬ್ಯಾಕಪ್ ಇದೆ ಎಂಬ ನಂಬಿಕೆ ಎಷ್ಟು ಪೊಳ್ಳಾಗಿರಬಹುದು ಎಂಬುದಕ್ಕೆ ಗಿಟ್‌ಲ್ಯಾಬ್ ಸಂಸ್ಥೆಯ 2017ರ ವರದಿ ಓದಬೇಕು. ಜನವರಿ 31ರ ರಾತ್ರಿ ತೊಂದರೆಯೊಂದನ್ನು ಬಿಡಿಸುತ್ತಿದ್ದ ದಣಿದ ಎಂಜಿನಿಯರ್ ತಪ್ಪು ಸರ್ವರಿನಲ್ಲಿ ಅಳಿಸುವ ಆದೇಶ ಕೊಟ್ಟರು. ಒಂದೆರಡು ಸೆಕೆಂಡಿನಲ್ಲಿ ತಡೆದರೂ ಸುಮಾರು 300 ಗಿಗಾಬೈಟ್‌ನಲ್ಲಿ ಉಳಿದದ್ದು 4.5. ದಿನವೂ ನಡೆಯುತ್ತಿದ್ದ ಬ್ಯಾಕಪ್ ನೋಡಹೋದರೆ ಅದು ಖಾಲಿ. ದತ್ತಸಂಚಯದ ತಂತ್ರಾಂಶ 9.6ನೆಯ ಆವೃತ್ತಿಗೆ ಏರಿತ್ತು, ಬ್ಯಾಕಪ್ ತೆಗೆಯುವ ಉಪಕರಣ 9.2ರಲ್ಲೇ ಓಡುತ್ತಿತ್ತು. ಅಪ್‌ಡೇಟ್ ಒಂದಕ್ಕೆ ಆಗಿ ಅದರ ಜೊತೆಗಾರನಿಗೆ ಆಗದಿದ್ದರೆ ಹೀಗೆ. ಬ್ಯಾಕಪ್ ವಿಫಲವಾಗಿದೆ ಎಂಬ ಎಚ್ಚರಿಕೆಯ ಇ-ಅಂಚೆಗಳು ಹೋಗುತ್ತಲೇ ಇದ್ದವು; ಅವಕ್ಕೆ ಸರಿಯಾದ ಸಹಿ ಇಲ್ಲವೆಂದು ಅಂಚೆ ಸರ್ವರ್ ತಿರಸ್ಕರಿಸುತ್ತಲೇ ಇತ್ತು. ಕೊನೆಗೆ ಕೈಗೆ ಬಂದದ್ದು ಬೇರೆ ಕೆಲಸಕ್ಕೆಂದು ಆರು ಗಂಟೆ ಮೊದಲು ಒಬ್ಬರು ತೆಗೆದಿಟ್ಟಿದ್ದ ಪ್ರತಿ. ಇಷ್ಟನ್ನೂ ಮುಚ್ಚಿಡದೆ ಬರೆದರು, ದುರಸ್ತಿಯನ್ನು ಯೂಟ್ಯೂಬ್‌ನಲ್ಲಿ ನೇರವಾಗಿ ತೋರಿಸಿದರು ಕೂಡ.

ಇದಾಗಿ ಒಂದು ತಿಂಗಳಿಗೆ, ಫೆಬ್ರವರಿ 28ರಂದು, ಅಮೆಜಾನ್‌ನ ಎಸ್3 ಸಂಗ್ರಹ ಅಮೆರಿಕದ ಪೂರ್ವ ವಲಯದಲ್ಲಿ ನಾಲ್ಕು ಗಂಟೆಗೂ ಮಿಕ್ಕಿ ನಿಂತಿತು. ಕಾರಣ ಅಪ್‌ಡೇಟ್ ಅಲ್ಲ, ದೋಷ ಹುಡುಕುವಾಗ ತಪ್ಪಾಗಿ ಕೊಟ್ಟ ಒಂದು ಆದೇಶ. ಇಲ್ಲಿ ಅದನ್ನು ಹೇಳುವುದು ಒಂದೇ ಸಂಗತಿಗಾಗಿ. ಸೇವೆಗಳ ಆರೋಗ್ಯ ತೋರಿಸುವ ಅಮೆಜಾನ್‌ನ ಫಲಕವೇ ಎಸ್3ರ ಮೇಲೆ ಅವಲಂಬಿಸಿತ್ತು. ಹಾಗಾಗಿ ಬಿದ್ದಿದೆ ಎಂದು ತೋರಿಸಲು ಅದಕ್ಕೆ ಸುಮಾರು ಎರಡು ಗಂಟೆ ಸಾಧ್ಯವಾಗಲಿಲ್ಲ. 2014ರಲ್ಲಿ ಅಜೂರ್‌ನ ಫಲಕಕ್ಕೂ ಇಂಥದೇ ಅಡಚಣೆ ಆಗಿತ್ತು. ಉಷ್ಣಮಾಪಕವನ್ನು ಅಳೆಯಬೇಕಾದ ದ್ರವದಿಂದಲೇ ಮಾಡಿದ ಹಾಗೆ. ನಮ್ಮ ವಿದ್ಯಾರ್ಥಿನಿಯ ಗಣಕದಲ್ಲಿ ಕಂಡ ಹಸಿರು ಗುರುತನ್ನೂ ಹಾಕಿದ್ದು ಆಗಷ್ಟೇ ಎಡವಿದ ತಂತ್ರಾಂಶವೇ.

ಇದನ್ನೆಲ್ಲ ಓದಿದ ಮೇಲೆ ನಮ್ಮ ಪ್ರಯೋಗಾಲಯದ ಆ ದಿನವನ್ನು ಮತ್ತೆ ನೋಡಿದೆ. ನಾವು ಮಾಡಿದ ಮೊದಲ ಕೆಲಸವೇ ತಪ್ಪು. ಅಪ್‌ಡೇಟ್ ಅರ್ಧಕ್ಕೆ ನಿಂತಾಗ ಮೊದಲು ಗಣಕವನ್ನು ಜಾಲದಿಂದ ಬಿಡಿಸಬೇಕಿತ್ತು. ಕೇಬಲ್ ಕಿತ್ತರೂ ಸಾಕು. ಹಾಗೆ ಮಾಡಿದ್ದರೆ ಖಾಲಿ ಕಡತ ಸಂಗ್ರಹಕ್ಕೆ ಹೋಗುತ್ತಲೂ ಇರಲಿಲ್ಲ, ಅಲ್ಲಿಂದ ಇಲ್ಲಿಗೆ ಬರುತ್ತಲೂ ಇರಲಿಲ್ಲ. ಆಮೇಲೆ ಫೋಲ್ಡರನ್ನು ಇದ್ದ ಸ್ಥಿತಿಯಲ್ಲೇ ಪೆನ್ ಡ್ರೈವಿಗೆ ನಕಲು ಮಾಡಿ, ಗಂಟೆ ನಿಮಿಷ ಬರೆದುಕೊಂಡು, ದೋಷ ಸಂದೇಶವನ್ನು ಅಕ್ಷರಶಃ ನಕಲಿಸಿಕೊಳ್ಳಬೇಕಿತ್ತು. ಇನ್ನೊಂದು ಗಣಕದಿಂದ, ಬ್ರೌಸರ್ ಮೂಲಕ ಸಂಗ್ರಹವನ್ನು ತೆರೆದು ನೋಡಿದ್ದರೆ ತೊಂದರೆ ಇಲ್ಲಿಯದೋ ಅಲ್ಲಿಯದೋ ತಿಳಿಯುತ್ತಿತ್ತು. ತಟ್ಟೆಯಲ್ಲಿ ಜಾಗವಿತ್ತೇ ಎಂದು ನೋಡಬೇಕಿತ್ತು. ಹೊಸ ಆವೃತ್ತಿ ಬಿಚ್ಚಿಕೊಳ್ಳಲು ಜಾಗ ಸಾಲದೆ ನಿಲ್ಲುವುದು ಬಹಳ ಸಾಮಾನ್ಯ. ಗಣಕದ ದಿನಾಂಕ ಸರಿಯಿತ್ತೇ? ಹಳೆಯ ಗಣಕದ ಗಡಿಯಾರದ ಸೆಲ್ ಸತ್ತು ದಿನಾಂಕ ಹಿಂದೆ ಹೋಗಿದ್ದರೆ ಸರ್ವರಿನ ಪ್ರಮಾಣಪತ್ರವನ್ನು ಅದು ನಂಬುವುದಿಲ್ಲ, ಸಂಪರ್ಕವೇ ಆಗುವುದಿಲ್ಲ. 'ತೆಗೆದು ಮತ್ತೆ ಹಾಕುವುದು' ಇವೆಲ್ಲ ಆದ ಮೇಲಿನ ಮಾತು. ಮೇಲಕ್ಕೆ ಹೋಗದೆ ಗಣಕದಲ್ಲೇ ಕಾಯುತ್ತಿದ್ದ ಹತ್ತೊಂಬತ್ತು ದಿನಗಳ ತಿದ್ದುಪಡಿಗಳು ಹೋದದ್ದು ತೆಗೆದಾಗಲೇ ಎಂದು ನನ್ನ ಅನುಮಾನ. ಸಾಕ್ಷಿ ನಾವೇ ಅಳಿಸಿದ್ದರಿಂದ ಸಾಧಿಸಲಾರೆ.

ಹತ್ತೊಂಬತ್ತು ದಿನಗಳ 38 ಅಳತೆಗಳಲ್ಲಿ 31 ರಫ್ ಪುಸ್ತಕದಲ್ಲಿ ಸಿಕ್ಕವು. ಏಳನ್ನು ಆಕೆ ಅವಸರದಲ್ಲಿ ನೇರವಾಗಿ ಗಣಕಕ್ಕೇ ತುಂಬಿದ್ದಳು. ನಕ್ಷೆಯಲ್ಲಿ ಆ ಜಾಗಗಳನ್ನು ಖಾಲಿ ಬಿಟ್ಟು, ಕೆಳಗೆ ಅರ್ಧ ಪುಟದ ಟಿಪ್ಪಣಿ ಬರೆದಳು: ಯಾವ ದಿನ ಯಾವ ಹೊತ್ತಿಗೆ ಅಪ್‌ಡೇಟ್ ನಿಂತಿತು, ನಾವು ಯಾವ ಕ್ರಮದಲ್ಲಿ ಏನೇನು ಮಾಡಿದೆವು, ಎಷ್ಟು ಅಳತೆ ಹೋಯಿತು. ವರದಿಯ ಅಂದ ಕೆಡುತ್ತದೆ, ತೆಗೆದುಬಿಡಮ್ಮ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಆಕೆ ನನ್ನ ಮುಖ ನೋಡಿದಳು. ಇರಲಿ ಎಂದೆ.